ರಕ್ತಪರೀಕ್ಷೆಯ ವರದಿಯೂ ಹಸುವಿನ ಮೂಳೆಯೂ

ಕರೆಯುವ ಹಸುಗಳ ರಕ್ತವನ್ನು ಪ್ರಯೋಗಶಾಲೆಗೆ ಕಳುಹಿಸಿ ಪರೀಕ್ಷೆ ಮಾಡಿಸುವ ಪದ್ಧತಿಯು ಈಗ ಗ್ರಾಮಗಳಲ್ಲಿಯೂ ಕಾಣಬರುತ್ತಲಿದೆ. ವರದಿಯಲ್ಲಿ ‘ಆಲ್ಕಲೈನ್ ಫಾಸ್ಫಟೇಸ್’ ಎಂಬ ಹೆಸರಿನ ಮುಂದೆ ಅಂಕಿಯು ಮೇರೆಯನ್ನು ಮೀರಿದೆಯೆಂದು ಗುರುತು ಮಾಡಿದ್ದರೆ, ಮಾಲೀಕನು ಗಾಬರಿಗೊಂಡು ಒಳ್ಳೆಯ ಕಡಸನ್ನು ಅಗ್ಗದ ಬೆಲೆಗೆ ಸಂತೆಯಲ್ಲಿ ಮಾರಿಬಿಡುವುದುಂಟು. ಆ ಅಂಕಿಯು ಯಾವ ರೋಗದ ಹೆಸರೂ ಅಲ್ಲ. ಅದರ ಅರ್ಥವನ್ನು ಗ್ರಾಮದ ಮುಖ್ಯಸ್ಥರು ತಾವು ತಿಳಿದು ಇತರರಿಗೂ ಹೇಳುವುದು ಉಚಿತವಾಗಿದೆ.

ಮೂಳೆಯು ಕಲ್ಲಿನಂತೆ ಜಡವಾದುದೆಂದು ಸಾಮಾನ್ಯವಾಗಿ ಭಾವಿಸುವರು. ವಾಸ್ತವವಾಗಿ ಅದು ಹಗೇವಿನಂತೆ ತುಂಬುತ್ತಲೂ ಬರಿದಾಗುತ್ತಲೂ ಇರುವ ಉಗ್ರಾಣ. ದೇಹದಲ್ಲಿರುವ ಸುಣ್ಣದ ಅಂಶದಲ್ಲಿ ನೂರಕ್ಕೆ ಸುಮಾರು ೯೯ ಭಾಗವೂ, ರಂಜಕದಲ್ಲಿ ನೂರಕ್ಕೆ ಸುಮಾರು ೮೦ ಭಾಗವೂ ಅಲ್ಲಿಯೇ ಅಡಗಿರುವುವು. ಒಂದು ಬಗೆಯ ಜೀವಕಣಗಳು ಹಳೆಯ ಮೂಳೆಯನ್ನು ಕರಗಿಸುತ್ತಿರುವಾಗ ಮತ್ತೊಂದು ಬಗೆಯವು ಹೊಸದನ್ನು ಕಟ್ಟುತ್ತಿರುವುವು. ಕಟ್ಟುವ ಜೀವಕಣಗಳು ಹೊರಗೆಡಹುವ ಕಿಣ್ವವೇ ಮೇಲೆ ಹೇಳಿದ ಫಾಸ್ಫಟೇಸು. ಮೂಳೆಯು ಗಟ್ಟಿಯಾಗುವುದಕ್ಕೂ ಈ ಕಿಣ್ವಕ್ಕೂ ಇರುವ ಸಂಬಂಧವನ್ನು ಲಂಡನ್ನಿನ ಲಿಸ್ಟರ್ ಸಂಸ್ಥೆಯ ರಾಬರ್ಟ್ ರಾಬಿಸನ್ ಎಂಬ ವಿಜ್ಞಾನಿಯು ೧೯೨೩ರಲ್ಲಿ ಪ್ರಕಟಿಸಿದನು.

ಆದುದರಿಂದ ಮೂಳೆಯ ಕೆಲಸವು ಚುರುಕಾದಲ್ಲಿ ಅಂಕಿಯು ಏರುವುದು. ಬೆಳೆಯುವ ಕರು ಮತ್ತು ಕಡಸುಗಳಲ್ಲಿ ಅದು ಹೆಚ್ಚಾಗಿರುವುದೇ ಸಹಜ. ಅದೇ ಅಂಕಿಯು ಎಂಟು ವರ್ಷದ ಹಸುವಿನಲ್ಲಿ ಕಂಡುಬಂದರೆ ವಿಚಾರಿಸತಕ್ಕದ್ದು. ಮುರಿದ ಮೂಳೆ ಕೂಡುತ್ತಿರುವಾಗಲೂ ಅಂಕಿಯು ಏರುವುದು. ಯಕೃತ್ತು, ಕರುಳು, ಗಬ್ಬದ ಹಸುವಿನ ಮಾಸು ಇವುಗಳಿಂದಲೂ ಈ ಕಿಣ್ವವು ರಕ್ತಕ್ಕೆ ಸೇರುವುದರಿಂದ ಮೂಳೆಯೊಂದನ್ನೇ ದೂರಲಾಗದು. ಕರಗಿದ ಮೂಳೆಯ ತುಣುಕುಗಳನ್ನು ಅಳೆಯುವ ಸೂಕ್ಷ್ಮ ಪರೀಕ್ಷೆಗಳೂ ಉಂಟು. ಅವು ಹಟ್ಟಿಯ ಹಸುಗಳಿಗಿಂತ ಸಂಶೋಧಕರಿಗೆ ಹೆಚ್ಚು ಉಪಯುಕ್ತ.

ವರದಿಯಲ್ಲಿ ಸುಣ್ಣದ ಮತ್ತು ರಂಜಕದ ಅಂಕಿಗಳನ್ನು ಜೊತೆಯಲ್ಲಿಯೇ ನೋಡಬೇಕು. ಹಸುವಿನ ೧೦೦ ಮಿಲಿಲೀಟರು ರಕ್ತದ ತಿಳಿಯಲ್ಲಿ ಸುಣ್ಣವು ಸುಮಾರು ೮½ರಿಂದ ೧೦ ಮಿಲಿಗ್ರಾಂ, ರಂಜಕವು ಸುಮಾರು ೪ರಿಂದ ೮ ಮಿಲಿಗ್ರಾಂ ಇರುವುದು ವಾಡಿಕೆ. ಸುಣ್ಣದ ಅಂಕಿ ಸರಿಯಾಗಿದ್ದ ಮಾತ್ರಕ್ಕೆ ಉಗ್ರಾಣವು ತುಂಬಿದೆಯೆಂದು ತಿಳಿಯಕೂಡದು. ಮೇವಿನಲ್ಲಿ ಕೊರತೆಯಾದರೆ ದೇಹವು ಮೂಳೆಯಿಂದ ತೆಗೆದು ರಕ್ತಕ್ಕೆ ತುಂಬುತ್ತಿರುವುದು. ಫಾಸ್ಫಟೇಸು ಹೆಚ್ಚಾಗಿ ರಂಜಕವು ಕಡಿಮೆಯಾಗಿದ್ದು, ಹಸುವು ಮೂಳೆ, ಬಟ್ಟೆ, ಮಣ್ಣುಗಳನ್ನು ಅಗಿಯುತ್ತಿದ್ದರೆ ರಂಜಕದ ಅಭಾವವೆಂದು ಸಂದೇಹಿಸಬಹುದು. ಬರಿಯ ಭತ್ತದ ಹುಲ್ಲಿನ ಮೇಲೆ ಸಾಕಿದ ದನಗಳಲ್ಲಿ ಇದು ಆಶ್ಚರ್ಯವಲ್ಲ. ದಕ್ಷಿಣ ಆಫ್ರಿಕಾದಲ್ಲಿ ಇಂತಹ ದನಗಳು ಸತ್ತ ಪಶುಗಳ ಮೂಳೆಗಳನ್ನು ಕಡಿದು, ಅವುಗಳಲ್ಲಿದ್ದ ವಿಷದಿಂದ ಗುಂಪುಗುಂಪಾಗಿ ಸಾಯುತ್ತಿದ್ದುದನ್ನು ಆರ್ನಾಲ್ಡ್ ಥೈಲರ್ ಎಂಬ ಪಶುವೈದ್ಯನು ೧೯೨೦ರ ಸುಮಾರಿಗೆ ಕಂಡುಹಿಡಿದನು. ಆತನು ಮೂಳೆಹಿಟ್ಟನ್ನು ತಿನ್ನಿಸಿ ಗುಣ ಕಂಡನಾದರೂ, ಈಗ ಮೆಲುಕು ಹಾಕುವ ಪ್ರಾಣಿಗಳಿಗೆ ಅದನ್ನು ಕೊಡಕೂಡದು. ಗೋಧಿಬೂಸ, ಹಿಂಡಿ ಮತ್ತು ಖನಿಜ ಮಿಶ್ರಣಗಳೇ ಸಾಕು.

ಹಲ್ಲುಗಳಲ್ಲಿ ಕಂದು ಕಲೆಗಳಿದ್ದು, ಹಸು ಕುಂಟುತ್ತ, ಫಾಸ್ಫಟೇಸು ಏರಿದ್ದರೆ, ಕುಡಿಯುವ ನೀರಿನಲ್ಲಿರುವ ಫ್ಲೋರೈಡನ್ನು ಪರೀಕ್ಷಿಸಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಆಳದ ಕೊಳವೆಬಾವಿಗಳುಳ್ಳವರು ಇದನ್ನು ಮರೆಯಲಾಗದು.

ತಪ್ಪು ಅಂಕಿಗಳಿಗೆ ಹಲವು ವೇಳೆ ರಕ್ತ ತೆಗೆದ ಕ್ರಮವೇ ಕಾರಣ. ನೇರಳೆ ಮುಚ್ಚಳದ ನಳಿಕೆಯಲ್ಲಿರುವ ಇ.ಡಿ.ಟಿ.ಎ. ಎಂಬ ಲವಣವು ಸುಣ್ಣವನ್ನು ಹಿಡಿದಿಡುವುದರಿಂದಲೂ, ಫಾಸ್ಫಟೇಸನ್ನು ಕುಗ್ಗಿಸುವುದರಿಂದಲೂ ಎರಡೂ ಸುಳ್ಳಾಗಿ ಕಡಿಮೆ ತೋರುವುವು. ನಳಿಕೆಯನ್ನು ಜೋರಾಗಿ ಅಲುಗಿಸಿ ಅಥವಾ ಬಿಸಿಲಿನಲ್ಲಿಟ್ಟು ರಕ್ತವು ಒಡೆದರೆ ರಂಜಕವು ಸುಳ್ಳಾಗಿ ಏರುವುದು. ಪ್ರತಿಯೊಂದು ಪ್ರಯೋಗಶಾಲೆಯ ಮೇರೆಯೂ ಬೇರೆಯಾದುದರಿಂದ ಎರಡನೆಯ ಪರೀಕ್ಷೆಯನ್ನು ಮೊದಲಿನ ಸ್ಥಳದಲ್ಲಿಯೇ ಮಾಡಿಸತಕ್ಕದ್ದು. ರಕ್ತದೊಡನೆ ಹಸುವಿನ ವಯಸ್ಸು, ಗಬ್ಬದ ತಿಂಗಳು, ಈದ ದಿನ, ಮೇವು, ನೀರಿನ ಮೂಲ ಇವಿಷ್ಟನ್ನೂ ಚೀಟಿಯಲ್ಲಿ ಬರೆದು ಕಳುಹಿಸಿದರೆ ಪಶುವೈದ್ಯರಿಗೆ ಬಹಳ ಅನುಕೂಲ.

ಒಂದು ಸಂದರ್ಭದಲ್ಲಿ ಮಾತ್ರ ವರದಿಗಾಗಿ ಕಾಯಲೇಕೂಡದು. ಮೂರನೆಯ ಅಥವಾ ಮುಂದಿನ ಸೂಲಿನ ಹಸುವಿನ ಮೂಳೆಯು ಸುಣ್ಣವನ್ನು ಬೇಗನೆ ಬಿಟ್ಟುಕೊಡಲಾರದು. ಅಂತಹ ಹಸು ಈದ ಮೂರು ದಿನದೊಳಗೆ ನೆಲ ಹಿಡಿದು, ಕಿವಿ ತಣ್ಣಗಾಗಿ, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿದರೆ ಅದು ಹಾಲುಜ್ವರವಾಗಿರಬಹುದು; ಹೆಸರು ಜ್ವರವಾದರೂ ಮೈ ಬಿಸಿಯಿರುವುದಿಲ್ಲ. ಬಾಯಿಗೆ ನೀರಾಗಲಿ ಔಷಧಿಯಾಗಲಿ ಹೊಯ್ಯದೆ, ಹಸುವನ್ನು ಎದೆಯ ಮೇಲೆ ಕೂರಿಸಿ ಹುಲ್ಲಿನ ಆಸರೆ ಕೊಟ್ಟು, ಆ ಗಳಿಗೆಯಲ್ಲಿಯೇ ಪಶುವೈದ್ಯರಿಗೆ ಹೇಳಿಕಳುಹಿಸಬೇಕು.