ತಲೆಗೆ ಪೆಟ್ಟು: ಆಸ್ಪತ್ರೆಗೆ ಮುನ್ನ ಗಮನಿಸಬೇಕಾದುದು

ಸ್ಕೂಟರಿನಿಂದ ಬಿದ್ದ ಯುವಕನಾಗಲಿ, ಬಚ್ಚಲಲ್ಲಿ ಕಾಲು ಜಾರಿದ ವೃದ್ಧೆಯಾಗಲಿ, ಎದ್ದು ಕುಳಿತು ನಾಲ್ಕು ಮಾತನಾಡಿದರೆ ಸುತ್ತಲಿದ್ದವರಿಗೆ ಸಮಾಧಾನ. “ಏನೂ ಆಗಿಲ್ಲ, ಸ್ವಲ್ಪ ಮಲಗಿಕೊಳ್ಳಲಿ” ಎನ್ನುವುದು ವಾಡಿಕೆ. ತಲೆಯ ಪೆಟ್ಟಿನಲ್ಲಿ ಈ ಮಾತೇ ಕೆಲವೊಮ್ಮೆ ಪ್ರಾಣಕ್ಕೆ ಎರವಾಗುತ್ತದೆ.

ನಟಿ ನತಾಶಾ ರಿಚರ್ಡ್‌ಸನ್ 2009ರ ಮಾರ್ಚ್ 16ರಂದು ಕೆನಡಾದ ಕ್ವಿಬೆಕ್‌ನಲ್ಲಿ ಸ್ಕೀಯಿಂಗ್ ಕಲಿಯುವಾಗ ಬಿದ್ದರು. ಮೊದಲಿಗೆ ತಮಗೇನೂ ಆಗಿಲ್ಲವೆಂದು ವೈದ್ಯ ಸಹಾಯವನ್ನು ನಿರಾಕರಿಸಿದರು. ಬಳಿಕ ತಲೆನೋವು ತೊಡಗಿತು. ಮಾರ್ಚ್ 18ರಂದು ತೀರಿಕೊಂಡರು. ತಲೆಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ಆದ ರಕ್ತಸ್ರಾವವೇ ಅದಕ್ಕೆ ಕಾರಣ.

ಒತ್ತಡ ಏರುವ ಬಗೆ

ವಯಸ್ಕರ ತಲೆಬುರುಡೆ ಹಿಗ್ಗಲಾರದ ಪೆಟ್ಟಿಗೆ. ಅದರೊಳಗೆ ಮಿದುಳು, ರಕ್ತ ಹಾಗೂ ಮಿದುಳನ್ನು ಸುತ್ತುವರಿದ ದ್ರವ ಇವು ಮೂರು ತುಂಬಿಕೊಂಡಿರುತ್ತವೆ. ರಕ್ತ ಸೋರಿ ಹೆಪ್ಪುಗಟ್ಟಿದಾಗ ಅಥವಾ ಮಿದುಳು ಬಾತಾಗ, ಮೊದಲು ದ್ರವವೂ ಸಿರೆಗಳ ರಕ್ತವೂ ಹೊರಸರಿದು ಎಡೆಗೊಡುತ್ತವೆ. ಆದುದರಿಂದಲೇ ಗಾಯಾಳು ಕೆಲಕಾಲ ಚೆನ್ನಾಗಿರುವಂತೆ ತೋರುವುದುಂಟು. ಆ ಎಡೆ ಮುಗಿದೊಡನೆ ಒತ್ತಡ ವೇಗವಾಗಿ ಏರುತ್ತದೆ. ಸಾಮಾನ್ಯವಾಗಿ ಪಾದರಸದ 7ರಿಂದ 15 ಮಿಲಿಮೀಟರಿನಷ್ಟಿರುವ ಈ ಒತ್ತಡ 22ನ್ನು ಮೀರಿದರೆ ಅದನ್ನು ಇಳಿಸಲು ಚಿಕಿತ್ಸೆ ಬೇಕು. ಅದನ್ನು ಅಳೆಯುವ ಸಾಧನ ಆಸ್ಪತ್ರೆಯಲ್ಲಿದೆ; ಮನೆಯವರಿಗೆ ಕಣ್ಣು ಕಿವಿಗಳೇ ಸಾಧನ.

ಲಕ್ಷಣಗಳು

ಹೆಚ್ಚುತ್ತಲೇ ಹೋಗುವ ತಲೆನೋವು, ಮರುಕಳಿಸುವ ವಾಂತಿ, ಕಾರಣವಿಲ್ಲದ ಸಿಡುಕು, ಗೊಂದಲದ ಮಾತು, ಎಬ್ಬಿಸಿದರೂ ಮತ್ತೆ ಮುಸುಕುವ ಮಂಪರು ಇವು ಮೊದಲ ಸೂಚನೆಗಳು. ಇವುಗಳಲ್ಲಿ ಪ್ರಜ್ಞೆಯ ಇಳಿತವೇ ಮುಖ್ಯವಾದುದು. 1974ರಲ್ಲಿ ಪ್ರಕಟವಾದ ಗ್ಲಾಸ್ಗೋ ಮಾಪಕ ಕಣ್ಣು ತೆರೆಯುವಿಕೆ, ಮಾತು, ಚಲನೆ ಈ ಮೂರನ್ನು ಆಧರಿಸಿದೆ. ಅದರಲ್ಲಿ 15 ಪೂರ್ಣ ಅಂಕ, 3 ಕನಿಷ್ಠ. 8 ಅಥವಾ ಅದಕ್ಕಿಂತ ಕಡಮೆಯಾದರೆ ಸ್ಥಿತಿ ಗಂಭೀರ. ಮನೆಯವರು ಅಂಕ ಹಾಕಬೇಕಾಗಿಲ್ಲ. ಹೆಸರೇನು, ಇದು ಯಾವ ಸ್ಥಳ ಎಂದು ಕೇಳುವುದು, ಕೈ ಹಿಸುಕುವಂತೆ ಹೇಳುವುದು, ಉತ್ತರವನ್ನು ಗಂಟೆಯೊಡನೆ ಬರೆದಿಡುವುದು, ಇಷ್ಟು ಸಾಕು. ಮೊದಲಿಗಿಂತ ಸ್ಥಿತಿ ಕೆಟ್ಟಿದೆಯೇ ಎಂಬುದೇ ಪ್ರಶ್ನೆ.

ಹೊರನಾಡಿನಲ್ಲಿ ಇನ್ನೊಂದು ಮಾತನ್ನು ಮರೆಯಬಾರದು. ಕನ್ನಡವೊಂದನ್ನೇ ಬಲ್ಲ ತಾಯಿ ಮರಾಠಿಯ ಅಥವಾ ಹಿಂದಿಯ ಪ್ರಶ್ನೆಗೆ ಸುಮ್ಮನಿದ್ದರೆ, ಆ ಮೌನ ಭಾಷೆಯದೋ ಮಿದುಳಿನದೋ ಎಂದು ವೈದ್ಯರಿಗೆ ತಿಳಿಯುವುದು ಕಷ್ಟ. ಪ್ರಶ್ನೆ ಕನ್ನಡದಲ್ಲೇ ಇರಬೇಕು; ಕನ್ನಡ ಬಲ್ಲವರೊಬ್ಬರು ಜತೆಗೆ ಹೋಗಬೇಕು.

ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಒಂದು ಪಾರ್ಶ್ವ ಬಲಗುಂದುವುದು, ಸೆಳವು ಬರುವುದು ಅಪಾಯದ ಚಿಹ್ನೆಗಳು. ರಕ್ತದೊತ್ತಡ ಏರಿ, ನಾಡಿ ನಿಧಾನವಾಗಿ, ಉಸಿರಾಟ ಕ್ರಮ ತಪ್ಪುವ ತ್ರಿಲಕ್ಷಣಕ್ಕೆ ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್‌ರ ಹೆಸರಿದೆ. ಅದು ತಡವಾಗಿ ಕಾಣಿಸುವ ಲಕ್ಷಣ. ಅದಕ್ಕಾಗಿ ಕಾಯುವುದು ಸಲ್ಲದು.

ಮಾಡಬೇಕಾದುದು

ಇವುಗಳಲ್ಲಿ ಒಂದು ಕಂಡರೂ 112ಕ್ಕೆ, ಅಥವಾ ಆ ಸೇವೆಯಿರುವ ರಾಜ್ಯಗಳಲ್ಲಿ 108ಕ್ಕೆ, ಕರೆ ಮಾಡಬೇಕು. ಸಿ.ಟಿ. ಸ್ಕ್ಯಾನ್ ಹಾಗೂ ಮಿದುಳಿನ ಶಸ್ತ್ರಚಿಕಿತ್ಸೆ ದೊರೆಯುವ ಆಸ್ಪತ್ರೆ ಲೇಸು. ಕುತ್ತಿಗೆ ಅಲುಗದಂತಿರಲಿ. ವಾಂತಿಯಾದರೆ ತಲೆ, ಕುತ್ತಿಗೆ, ಮೈಗಳನ್ನು ಒಟ್ಟಿಗೇ ಪಕ್ಕಕ್ಕೆ ಹೊರಳಿಸಿ ಉಸಿರುದಾರಿಯನ್ನು ತೆರವಾಗಿಡಬೇಕು. ನೀರು, ಕಾಫಿ, ಆಸ್ಪಿರಿನ್, ನಿದ್ರೆಮಾತ್ರೆ ಯಾವುದನ್ನೂ ಕೊಡಬಾರದು. ಗಾಯಾಳು ರಕ್ತ ತೆಳುಗೊಳಿಸುವ ಔಷಧಿ ಸೇವಿಸುತ್ತಿದ್ದರೆ, ಲಕ್ಷಣವಿಲ್ಲದಿದ್ದರೂ ತಪಾಸಣೆ ಆಗಲೇಬೇಕು.

ಬೀದಿಯಲ್ಲಿ ಬಿದ್ದವನು ಅಪರಿಚಿತನಾದರೆ ಪೊಲೀಸ್ ತಾಪತ್ರಯಕ್ಕೆ ಅಂಜಿ ಹಿಂಜರಿಯಬೇಕಾಗಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆ ರಸ್ತೆ ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡಿದೆ.

ಎದ್ದು ನಡೆದವನು ಪಾರಾದನೆಂದು ತಿಳಿಯದೆ, ಆಸ್ಪತ್ರೆ ಸೇರುವವರೆಗೂ ಅವನೊಡನೆ ಒಬ್ಬರು ಎಚ್ಚರವಾಗಿರಬೇಕು.