ಸಂಗೀತವನ್ನು ಮುದ್ರಿಸುವ ವಿದ್ಯೆ

ನಮ್ಮ ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯು ಕೊರೆಯಿಸಿದ ಶಾಸನವು 1915ರಲ್ಲಿ ಬೆಳಕಿಗೆ ಬಂದಿತು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ನೆಂಬ ಬಿರುದು ಮಾತ್ರ ಕಾಣಿಸುತ್ತಿರಲಾಗಿ, ಇಲ್ಲಿ ಅಶೋಕನೆಂಬ ಹೆಸರೇ ಇದ್ದದರಿಂದ ಚರಿತ್ರಕಾರರ ಸಂದೇಹವು ಪರಿಹಾರವಾಯಿತು. ಅಕ್ಷರವು ಹೀಗೆ 2,200 ವರುಷಗಳಿಗೂ ಮಿಕ್ಕಿ ಉಳಿಯಿತು. ಆದರೆ ಅದನ್ನು ಜನರಿಗೆ ಓದಿ ಹೇಳಿದವನ ಕಂಠವು ಅಂದೇ ಗಾಳಿಯಲ್ಲಿ ಕರಗಿಹೋಯಿತು. ಧ್ವನಿಯನ್ನು ಹಿಡಿದಿಟ್ಟು ಮರಳಿ ಕೇಳಿಸುವ ಯಂತ್ರವನ್ನು ಅಮೇರಿಕದ ಎಡಿಸನ್ ಎಂಬವರು ನಿರ್ಮಿಸಿದ್ದು 1877ರಲ್ಲಿ. ಅಲ್ಲಿಂದ ಬೆಳೆದು ಬಂದ ಧ್ವನಿಮುದ್ರಣ ವಿದ್ಯೆಯು ಈಗ ವಿಶ್ವವಿದ್ಯಾಲಯಗಳಲ್ಲಿಯೂ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿಯೂ ಕಲಿಸಲ್ಪಡುತ್ತಿರುವದು. ನಮ್ಮ ಹೆಣ್ಣುಮಕ್ಕಳು ಇದನ್ನು ಕಲಿಯಬಹುದೋ, ಕಲಿಯಬೇಕಾದರೆ ಯಾವಾಗ ಏನು ಮಾಡತಕ್ಕದ್ದು ಎಂಬುದನ್ನು ಪಾಲಕರೂ ಪೂರ್ವ ವಿದ್ಯಾರ್ಥಿನಿಯರೂ ಆಲೋಚಿಸುವಂತೆ ಈ ಲೇಖನವನ್ನು ಬರೆದಿದೆ.

ಮೊದಲು ಆ ವಿದ್ಯೆಯ ಸ್ವರೂಪವನ್ನು ನೋಡೋಣ. ಹುಡುಗಿಯರು ಒಂದು ಕೀರ್ತನೆಯನ್ನು ಹಾಡುತ್ತಿರುವರೆಂದು ಭಾವಿಸಿರಿ. ಅವರ ಕಂಠದಿಂದ ಹೊರಟ ಗಾಳಿಯ ಅಲೆಯು ಮೈಕಿನೊಳಗಿನ ತೆಳುವಾದ ಪೊರೆಯನ್ನು ನಡುಗಿಸುವದು. ಆ ನಡುಕವು ವಿದ್ಯುತ್ತಾಗಿ ಮಾರ್ಪಡುವದು. ಆ ವಿದ್ಯುತ್ತಿನ ಏರಿಳಿತವನ್ನು ಯಂತ್ರವು ಒಂದು ಸೆಕೆಂಡಿಗೆ 44,100 ಸಲ ಅಳೆದು ಅಂಕೆಗಳಾಗಿ ಬರೆದಿಡುವದು. ಇಷ್ಟೊಂದು ಸಲ ಯಾಕೆ? ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳ ವರೆಗಿನ ನಾದವು ಕೇಳಿಸುವದು. ಒಂದು ಅಲೆಯನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಕಂಪನಸಂಖ್ಯೆಯ ಇಮ್ಮಡಿಗಿಂತ ಹೆಚ್ಚು ಸಲ ಅಳೆಯಬೇಕೆಂಬುದು ಗಣಿತದ ನಿಯಮ. ಇನ್ನು ಹಾರ್ಮೋನಿಯಮ್ಮಿನ ಧ್ವನಿಯು ಮಕ್ಕಳ ಕಂಠವನ್ನು ಮುಚ್ಚಿಬಿಟ್ಟರೆ ಮೈಕನ್ನು ಮಕ್ಕಳ ಹತ್ತಿರಕ್ಕೆ ಸರಿಸಬೇಕು. ಯಾಕಂದರೆ ದೂರವು ಇಮ್ಮಡಿಯಾದರೆ ನೇರವಾಗಿ ಬರುವ ಧ್ವನಿಯ ಒತ್ತಡವು ಅರ್ಧಕ್ಕೆ ಇಳಿಯುವದು. ಕಲ್ಲಿನ ಗೋಡೆಯು ಧ್ವನಿಯನ್ನು ಹಿಂದಕ್ಕೆ ಎಸೆಯುವದು, ಕಂಬಳಿಯು ಅದನ್ನು ನುಂಗುವದು. ಆ ಬಳಿಕ ಬೇರೆ ಬೇರೆಯಾಗಿ ಮುದ್ರಿಸಿದ ಕಂಠಗಳನ್ನೂ ವಾದ್ಯಗಳನ್ನೂ ಹದವರಿತು ಒಂದುಗೂಡಿಸುವ ಕೆಲಸವುಂಟು. ಇದಕ್ಕೆ ಭೌತಶಾಸ್ತ್ರವು ಎಷ್ಟು ಅವಶ್ಯವೋ, ಶ್ರುತಿ ಎಳೆಯಷ್ಟು ತಪ್ಪಿದರೂ ಗುರುತಿಸುವ ಕಿವಿಯು ಅಷ್ಟೇ ಅವಶ್ಯ.

ಆದಕಾರಣವೇ ಈ ವಿದ್ಯೆಯನ್ನು ಸಂಗೀತಗಾರನಿಗೂ ಯಂತ್ರಜ್ಞನಿಗೂ ಬೇರೆ ಬೇರೆಯಾಗಿ ಹಂಚದೆ ಒಬ್ಬರಲ್ಲಿಯೇ ಕೂಡಿಸಬೇಕೆಂಬ ಆಲೋಚನೆಯು ಹುಟ್ಟಿತು. ಪ್ರಸಿದ್ಧ ಸಂಗೀತ ರಚನಕಾರರಾದ ಶೋನ್‌ಬರ್ಗ್ ಎಂಬವರು 1946ರಲ್ಲಿ ಇಂಥ ಶಿಕ್ಷಣವು ಬೇಕೆಂದು ಶಿಕಾಗೋ ವಿಶ್ವವಿದ್ಯಾಲಯದ ಮುಖ್ಯಸ್ಥರಿಗೆ ಪತ್ರ ಬರೆದರು. 1949ರಲ್ಲಿ ಜರ್ಮನಿಯ ಡೆಟ್ಮೋಲ್ಡ್ ಪಟ್ಟಣದ ಸಂಗೀತಶಾಲೆಯಲ್ಲಿಯೂ, 1970ರಲ್ಲಿ ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದಲ್ಲಿಯೂ ಅದು ಪಾಠಕ್ರಮವಾಗಿ ಆರಂಭವಾಯಿತು.

ಯಂತ್ರದ ಎದುರಿಗೆ ನಿಂತು ಹಾಡಿದವರಲ್ಲಿ ಸ್ತ್ರೀಯರು ಆದಿಯಿಂದಲೂ ಮುಂದಾಗಿದ್ದರು. 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಅವರು ತಮ್ಮ ಕಡೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು 1930ರಲ್ಲಿ ತೀರಿಕೊಂಡರು. ಗಂಗೂಬಾಯಿ ಹಾನಗಲ್ ಅವರ ಆರಂಭದ ತಟ್ಟೆಗಳು ಗಾಂಧಾರಿ ಎಂಬ ಹೆಸರಿನಿಂದ ಹೊರಬಂದವು. ಆದರೆ ಯಂತ್ರದ ಹಿಂಬದಿಗೆ ಸ್ತ್ರೀಯರಿಗೆ ಸ್ಥಳವು ಸುಲಭವಾಗಿ ಸಿಗಲಿಲ್ಲ. ಇಂಗ್ಲೆಂಡಿನ ಡೀಲಿಯಾ ಡರ್ಬಿಶೈರ್ ಎಂಬ ತರುಣಿಯು ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಗಣಿತವನ್ನೂ ಸಂಗೀತವನ್ನೂ ಓದಿ ಒಂದು ಧ್ವನಿಮುದ್ರಣ ಸಂಸ್ಥೆಯಲ್ಲಿ ಕೆಲಸ ಕೇಳಿದಾಗ, ಸ್ತ್ರೀಯರನ್ನು ಆ ಕೆಲಸಕ್ಕೆ ತೆಗೆದುಕೊಳ್ಳುವದಿಲ್ಲವೆಂಬ ಉತ್ತರವು ಬಂತು. ಆಕೆಯು ಎದೆಗುಂದದೆ 1960ರಲ್ಲಿ ಬಿ.ಬಿ.ಸಿ.ಯನ್ನು ಸೇರಿ, 1963ರಲ್ಲಿ ಒಂದು ಪ್ರಸಿದ್ಧ ಟೆಲಿವಿಷನ್ ಕಥಾಮಾಲೆಯ ಆರಂಭಸಂಗೀತವನ್ನು, ಬೇರೊಬ್ಬರು ಬರೆದುಕೊಟ್ಟ ರಾಗಕ್ಕನುಸಾರವಾಗಿ, ಟೇಪಿನ ತುಣುಕುಗಳನ್ನು ಅಳೆದು ಕತ್ತರಿಸಿ ಜೋಡಿಸಿ ಸಿದ್ಧಪಡಿಸಿದಳು. ಗಣಿತವೂ ಸಂಗೀತವೂ ಒಂದೇ ಕೈಯಲ್ಲಿ ಕೂಡಿದ್ದದರ ಫಲವದು.

ನಮ್ಮ ದೇಶದಲ್ಲಿಯೂ ಬಾಗಿಲುಗಳುಂಟು. 1943ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನೂ ಧ್ವನಿಮುದ್ರಣವನ್ನೂ ಕಲಿಸತೊಡಗಿದರು. ಹತ್ತನೆಯ ತರಗತಿಯ ತರುವಾಯ ಸೇರಬಹುದಾದ ಆ ಡಿಪ್ಲೊಮಾ ಶಿಕ್ಷಣವು ಹೆಸರಘಟ್ಟದ ಸರಕಾರಿ ಸಂಸ್ಥೆಯಲ್ಲಿ ಮುಂದುವರಿಯಿತು. 1960ರಲ್ಲಿ ಪುಣೆಯಲ್ಲಿಯೂ 1995ರಲ್ಲಿ ಕೋಲ್ಕತ್ತೆಯಲ್ಲಿಯೂ ಹುಟ್ಟಿದ ಕೇಂದ್ರ ಸರಕಾರದ ಚಲನಚಿತ್ರ ಸಂಸ್ಥೆಗಳಲ್ಲಿ ಪದವೀಧರರಿಗೆ ಧ್ವನಿಮುದ್ರಣದ ಉನ್ನತ ಶಿಕ್ಷಣವುಂಟು. ಹಾಡುಗಾರಿಕೆಯನ್ನೇ ಮುಖ್ಯವಾಗಿ ಓದಬಯಸುವವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ, ಗಂಗೂಬಾಯಿಯವರ ಹೆಸರಿನಲ್ಲಿ 2008ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಸಂಗೀತ ವಿಶ್ವವಿದ್ಯಾಲಯವೂ ಇರುವವು.

ಇಲ್ಲಿ ಪಾಲಕರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ಪುಣೆ ಮತ್ತು ಕೋಲ್ಕತ್ತೆಯ ಸಂಸ್ಥೆಗಳು ಧ್ವನಿಮುದ್ರಣ ವಿಭಾಗಕ್ಕೆ ಬರುವವರು ಪಿ.ಯು.ಸಿ. ಮಟ್ಟದಲ್ಲಿ ಭೌತಶಾಸ್ತ್ರವನ್ನು ಓದಿರಬೇಕೆಂದು ಕೇಳುತ್ತ ಬಂದಿವೆ. ಪದವಿಯನ್ನು ಯಾವ ವಿಷಯದಲ್ಲಿ ಪಡೆದರೂ ನಡೆದೀತು. ಆದರೆ ಹದಿನಾರನೆಯ ವಯಸ್ಸಿನಲ್ಲಿ ಭೌತಶಾಸ್ತ್ರವನ್ನು ಬಿಟ್ಟ ಹುಡುಗಿಗೆ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಆ ಬಾಗಿಲು ಮುಚ್ಚಿರುವದು. “ಹಾಡುವ ಹುಡುಗಿ, ಇವಳಿಗೆ ವಿಜ್ಞಾನ ಯಾಕೆ?” ಎಂದು ಕೆಲವು ಮನೆಗಳಲ್ಲಿಯೂ, “ವಿಜ್ಞಾನ ಓದುವವಳು, ಇನ್ನು ಹಾಡು ಸಾಕು” ಎಂದು ಬೇರೆ ಮನೆಗಳಲ್ಲಿಯೂ ಹೇಳುವರು. ಈ ಎರಡು ಮಾತುಗಳೂ ಒಂದೇ ಕೇಡನ್ನು ಮಾಡುವವು. ಕೇರಳದ ವಿದ್ಯುದ್ದೀಪವಿಲ್ಲದ ಹಳ್ಳಿಯೊಂದರಲ್ಲಿ ಬೆಳೆದ ರಸೂಲ್ ಪೂಕುಟ್ಟಿಯವರು ಭೌತಶಾಸ್ತ್ರದಲ್ಲಿ ಪದವಿ ಪಡೆದು, ಪುಣೆಯಲ್ಲಿ ಕಲಿತು, 2009ರಲ್ಲಿ ಧ್ವನಿಮಿಶ್ರಣಕ್ಕಾಗಿ ಇನ್ನಿಬ್ಬರೊಂದಿಗೆ ಆಸ್ಕರ್ ಪ್ರಶಸ್ತಿಯನ್ನು ಹಂಚಿಕೊಂಡರು. ಹಳ್ಳಿಯಲ್ಲಿ ಹುಟ್ಟಿದ್ದು ಅವರಿಗೆ ಅಡ್ಡಿಯಾಗಲಿಲ್ಲ. ಭೌತಶಾಸ್ತ್ರವು ಅವರಿಗೆ ಸಹಾಯವಾಯಿತು.

ಖರ್ಚಿನ ಮಾತನ್ನೂ ಮರೆಯಬಾರದು. ದೊಡ್ಡ ಪಟ್ಟಣಗಳಲ್ಲಿ ಹೆಚ್ಚು ಶುಲ್ಕ ಕೇಳುವ ಖಾಸಗಿ ಶಾಲೆಗಳು ಬಹಳ. ಹಣ ಕಟ್ಟುವ ಮೊದಲು, ಅಲ್ಲಿಯ ಪ್ರಮಾಣಪತ್ರಕ್ಕೆ ಯಾವ ವಿಶ್ವವಿದ್ಯಾಲಯದ ಮಾನ್ಯತೆಯುಂಟು, ಒಬ್ಬೊಬ್ಬ ವಿದ್ಯಾರ್ಥಿನಿಗೆ ವಾರಕ್ಕೆ ಎಷ್ಟು ತಾಸು ಯಂತ್ರದ ಮುಂದೆ ಕೂಡ್ರಲು ಸಿಗುವದು, ವಸತಿಗೃಹವು ಎಂಥದು ಎಂದು ಮೂರನ್ನು ಕೇಳಿ ತಿಳಿಯಿರಿ. ನಮ್ಮ ರಾಯಚೂರು ಜಿಲ್ಲೆಯವರಿಗೆ ಸಂವಿಧಾನದ 371(ಜೆ) ವಿಧಿಯ ಮೇರೆಗೆ ರಾಜ್ಯದ ವಿದ್ಯಾಸಂಸ್ಥೆಗಳಲ್ಲಿ ಮೀಸಲು ಸ್ಥಾನಗಳಿರುವದರಿಂದ ಅರ್ಹತಾಪತ್ರವನ್ನು ಮುಂಚಿತವಾಗಿಯೇ ಮಾಡಿಸಿಡುವದು ಲೇಸು. ಈ ಕೆಲಸದಲ್ಲಿ ಎಲ್ಲರಿಗೂ ತಿಂಗಳ ಸಂಬಳವು ದೊರೆಯದು. ಅನೇಕರು ಕೆಲಸ ಬಂದಾಗ ದುಡಿಯುವರು. ಆದುದರಿಂದ ಒಂದು ಪದವಿಯನ್ನು ಕೈಯಲ್ಲಿಟ್ಟುಕೊಂಡು ಇದರಲ್ಲಿ ಇಳಿಯುವದು ಜಾಣತನ.

ಇದು ಸಿನೆಮಾದವರ ವಿದ್ಯೆಯೆಂದು ಅಂಜುವ ತಾಯಂದಿರಿಗೆ ಒಂದು ಮಾತು. ಕುರುಡರಿಗಾಗಿ ಓದಿ ಮುದ್ರಿಸುವ ಪುಸ್ತಕಗಳೂ, ರೇಡಿಯೋ ಪಾಠಗಳೂ, ಸಭೆಯ ಕೀರ್ತನೆಗಳೂ ಈ ವಿದ್ಯೆಯಿಂದಲೇ ಸಿದ್ಧವಾಗುವವು. ವಿಜಯದಾಸರೂ ಗೋಪಾಲದಾಸರೂ ಜಗನ್ನಾಥದಾಸರೂ ಹುಟ್ಟಿದ ಈ ಸೀಮೆಯಲ್ಲಿ ದಾಸರ ಪದಗಳನ್ನು ಮನೆಯ ಮಟ್ಟಿನಲ್ಲಿಯೇ ಹಾಡುವ ಮುದುಕಿಯರಿದ್ದಾರೆ. ಮುದಗಲ್ಲಿನ ಮೊಹರಮ್ಮಿನಲ್ಲಿ ರಿವಾಯತ ಪದಗಳನ್ನು ಹಾಡುವವರಿದ್ದಾರೆ. ಬೀಸುವಾಗ ಹಾಡಿದ ಪದಗಳನ್ನು ನೆನಪಿನಲ್ಲಿಟ್ಟವರು ವರುಷ ವರುಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆ ಅಜ್ಜಿಯರ ಎದುರಿಗೆ ಸಂಕೋಚವಿಲ್ಲದೆ ಕುಳಿತು ಅವರ ಕಂಠವನ್ನು ಮುದ್ರಿಸಿಕೊಳ್ಳಲು ಅವರ ಮೊಮ್ಮಗಳಿಗಿಂತ ತಕ್ಕವರು ಯಾರು?

ತಲಾಂತನ್ನು ನೆಲದಲ್ಲಿ ಹೂತಿಟ್ಟವನ ಸಾಮ್ಯವನ್ನು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ನಿಮ್ಮ ಮನೆಯಲ್ಲಿ ಹತ್ತನೆಯ ತರಗತಿಯ ಹುಡುಗಿಯಿದ್ದು, ಅವಳಿಗೆ ಹಾಡಿನಲ್ಲಿಯೂ ಲೆಕ್ಕದಲ್ಲಿಯೂ ಮನಸ್ಸಿದ್ದರೆ, ಪಿ.ಯು.ಸಿ. ಅರ್ಜಿಯನ್ನು ತುಂಬುವ ಮುಂಚೆ ಅವಳೊಂದಿಗೆ ಒಂದು ಸಂಜೆ ಕುಳಿತು ಮಾತಾಡಿರಿ. ಭೌತಶಾಸ್ತ್ರವನ್ನು ಬರೆಯಿಸಿರಿ, ಹಾರ್ಮೋನಿಯಮ್ಮನ್ನು ಅಟ್ಟಕ್ಕೆ ಏರಿಸಬೇಡಿರಿ.