ಮೋಟಾರ್ ಸೈಕಲ್ಲನ್ನು ನಿಲ್ಲಿಸುವ ವಿದ್ಯೆ

ಮೋಟಾರ್ ಸೈಕಲ್ ಕಲಿಯಹೊರಟವರು ಮೊದಲು ಕೇಳುವ ಪ್ರಶ್ನೆ, ಅದನ್ನು ಹೊರಡಿಸುವುದು ಹೇಗೆಂಬುದು. ಕ್ಲಚ್ಚನ್ನು ಹಿಡಿದು, ಗೇರು ಹಾಕಿ, ಆಕ್ಸಿಲರೇಟರನ್ನು ತುಸುವೇ ತಿರುಗಿಸುತ್ತ ಕ್ಲಚ್ಚನ್ನು ಮೆಲ್ಲನೆ ಬಿಟ್ಟರೆ ಗಾಡಿ ಹೊರಡುತ್ತದೆ. ಕೆಲವು ದಿನಗಳಲ್ಲಿ ಇದು ಕೈಗೆ ಹತ್ತುತ್ತದೆ. ಆದರೆ ಸವಾರನ ಪ್ರಾಣವನ್ನು ಕಾಯುವುದು ಗಾಡಿಯನ್ನು ನಿಲ್ಲಿಸುವ ವಿದ್ಯೆ. ಅದರ ಹಿಂದಿರುವ ಭೌತಶಾಸ್ತ್ರದ ನಿಯಮಗಳನ್ನು ಅರಿತುಕೊಂಡರೆ ಅಭ್ಯಾಸವೂ ಸುಲಭವಾಗುತ್ತದೆ. ಆದ್ದರಿಂದ ಅವುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ರಸ್ತೆಗೆ ಅಡ್ಡಬಂದ ಎಮ್ಮೆಯನ್ನು ಕಂಡೊಡನೆಯೇ ಗಾಡಿ ನಿಲ್ಲುವುದಿಲ್ಲ. ಕಣ್ಣು ಕಂಡದ್ದನ್ನು ಮೆದುಳು ಅರಿತು, ಕೈಕಾಲುಗಳಿಗೆ ಆಜ್ಞೆಯಿತ್ತು, ಬ್ರೇಕು ಹಿಡಿಯುವಷ್ಟರಲ್ಲಿ ಸುಮಾರು ಒಂದು ಸೆಕೆಂಡು ಕಳೆದಿರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಆ ಒಂದು ಸೆಕೆಂಡಿನಲ್ಲಿ 11 ಮೀಟರ್ ಮುಂದೆ ಸಾಗುತ್ತದೆ. ಬ್ರೇಕು ಹಿಡಿದ ಮೇಲೆ ಅದರ ವೇಗವು ಒಂದೊಂದು ಸೆಕೆಂಡಿಗೂ, ಸೆಕೆಂಡಿಗೆ 5 ಮೀಟರಿನಷ್ಟು ತಗ್ಗುತ್ತದೆಂದು ಇಟ್ಟುಕೊಂಡರೆ, ನಿಲ್ಲಲು ಇನ್ನೂ 12 ಮೀಟರ್ ಬೇಕು. ಒಟ್ಟು 23 ಮೀಟರ್. ವೇಗವು 80 ಕಿಲೋಮೀಟರ್ ಆದರೆ ಮೊದಲ ಸೆಕೆಂಡಿಗೆ 22 ಮೀಟರ್, ಬ್ರೇಕಿಗೆ 49 ಮೀಟರ್, ಒಟ್ಟು 71 ಮೀಟರ್ ಬೇಕಾಗುತ್ತದೆ. ವೇಗ ಎರಡರಷ್ಟಾದಾಗ ಬ್ರೇಕಿನ ದೂರ ನಾಲ್ಕರಷ್ಟಾಯಿತು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದೇ ಇದಕ್ಕೆ ಕಾರಣ.

ಈ ಲೆಕ್ಕದ ಅರ್ಥವನ್ನು ಇನ್ನೊಂದು ಬಗೆಯಲ್ಲಿ ನೋಡೋಣ. 23 ಮೀಟರ್ ಮುಂದೆ ಮಗುವೊಂದು ರಸ್ತೆಗಿಳಿಯಿತೆನ್ನಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಂದ ಸವಾರ ಮಗುವಿನ ಮುಂದೆಯೇ ನಿಲ್ಲುತ್ತಾನೆ. 60 ಕಿಲೋಮೀಟರ್ ವೇಗದಲ್ಲಿ ಬಂದವನು ಅದೇ ಸ್ಥಳವನ್ನು ತಲುಪಿದಾಗ ಅವನ ವೇಗ ಇನ್ನೂ 50 ಕಿಲೋಮೀಟರಿಗಿಂತ ಹೆಚ್ಚಾಗಿಯೇ ಇರುತ್ತದೆ.

ಮುಂದಿನ ಬ್ರೇಕು ಹಿಡಿದರೆ ಗಾಡಿ ಪಲ್ಟಿ ಹೊಡೆಯುತ್ತದೆ, ಕಾಲಿನ ಬ್ರೇಕೊಂದೇ ಸಾಕು ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಇದು ಎಷ್ಟರಮಟ್ಟಿಗೆ ನಿಜ? ಬಸ್ಸು ಥಟ್ಟನೆ ನಿಂತಾಗ ನಿಂತಿರುವ ಪ್ರಯಾಣಿಕರು ಮುಂದಕ್ಕೆ ವಾಲುತ್ತಾರೆ. ಹಾಗೆಯೇ ಬ್ರೇಕು ಹಿಡಿದಾಗ ಗಾಡಿಯ ಭಾರವು ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ ಸರಿಯುತ್ತದೆ. ಗಾಡಿಯೂ ಸವಾರನೂ ಸೇರಿ 200 ಕಿಲೋಗ್ರಾಂ ಇದ್ದು, ಒಂದೊಂದು ಗಾಲಿಯ ಮೇಲೂ 100 ಕಿಲೋಗ್ರಾಂ ಭಾರವಿದೆಯೆನ್ನೋಣ. ಗಾಲಿಗಳ ನಡುವಣ ಅಂತರ 1.3 ಮೀಟರ್, ಗುರುತ್ವಕೇಂದ್ರದ ಎತ್ತರ 0.6 ಮೀಟರ್ ಇದ್ದರೆ, ಮೇಲೆ ಹೇಳಿದಂತೆ ಬ್ರೇಕು ಹಿಡಿದಾಗ ಮುಂದಿನ ಗಾಲಿಯ ಮೇಲೆ ಸುಮಾರು 147, ಹಿಂದಿನದರ ಮೇಲೆ ಕೇವಲ 53 ಕಿಲೋಗ್ರಾಂ ಬೀಳುತ್ತದೆ. ಭಾರವಿದ್ದಲ್ಲಿ ಘರ್ಷಣೆ, ಘರ್ಷಣೆಯಿದ್ದಲ್ಲಿ ಹಿಡಿತ. ಆದ್ದರಿಂದ ಹಿಂದಿನ ಬ್ರೇಕನ್ನೊಂದೇ ನಂಬಿದವನಿಗೆ ನಿಲ್ಲಲು ಸುಮಾರು ಎರಡರಷ್ಟು ದೂರ ಬೇಕಾಗುತ್ತದೆ.

ಹಾಗಾದರೆ ಜನರ ಭಯ ಪೂರ್ತಿ ಸುಳ್ಳೇ? ಅಲ್ಲ. ಭಾರವು ಮುಂದಕ್ಕೆ ಸರಿಯಲು ತುಸು ಕಾಲ ಬೇಕು. ಅದಕ್ಕೆ ಮುಂಚೆಯೇ ಮುಂದಿನ ಬ್ರೇಕನ್ನು ಒಮ್ಮೆಲೇ ಅದುಮಿದರೆ ಗಾಲಿಯ ತಿರುಗಾಟ ನಿಂತು ಅದು ಜಾರುತ್ತದೆ, ಗಾಡಿ ಉರುಳುತ್ತದೆ. ನಿಂಬೆಹಣ್ಣನ್ನು ಹಿಂಡುವಂತೆ ಮೊದಲು ಮೆಲ್ಲಗೆ, ಬಳಿಕ ಬಿಗಿಯಾಗಿ ಹಿಡಿಯುವುದೇ ಸರಿಯಾದ ಕ್ರಮ. ಜೊತೆಗೆ ಕಾಲಿನ ಬ್ರೇಕನ್ನೂ ಹದವಾಗಿ ಒತ್ತಬೇಕು. ಗಾಲಿ ಇನ್ನೇನು ನಿಲ್ಲುತ್ತದೆನ್ನುವಾಗ ಬ್ರೇಕಿನ ಒತ್ತಡವನ್ನು ತಾನಾಗಿಯೇ ಸಡಿಲಿಸಿ ಮತ್ತೆ ಬಿಗಿಗೊಳಿಸುವ ಎಬಿಎಸ್ ಎಂಬ ಉಪಕರಣವು, ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ 125 ಸಿ.ಸಿ.ಗೆ ಮೀರಿದ ಹೊಸ ಮೋಟಾರ್ ಸೈಕಲ್ಲುಗಳಿಗೆ ಕಡ್ಡಾಯವಾಗಿದೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಗಾಡಿಗಳಲ್ಲಿ ಇದಿಲ್ಲ. ಅಂಥ ಗಾಡಿಯ ಮೇಲೆ ಸವಾರನ ಬೆರಳೇ ಆ ಕೆಲಸವನ್ನು ಮಾಡಬೇಕು.

ಟೈರು ರಸ್ತೆಯನ್ನು ಮುಟ್ಟುವ ಜಾಗ ಒಂದು ಅಂಗೈಯಷ್ಟು ಮಾತ್ರ. ಬ್ರೇಕಿಗೂ ತಿರುವಿಗೂ ಬೇಕಾದ ಘರ್ಷಣೆ ಅಲ್ಲಿಂದಲೇ ದೊರೆಯಬೇಕು. 20 ಮೀಟರ್ ತ್ರಿಜ್ಯದ ತಿರುವನ್ನು 36 ಕಿಲೋಮೀಟರ್ ವೇಗದಲ್ಲಿ ಹಾಯಲು ಗಾಡಿಯ ಭಾರದ ಅರ್ಧದಷ್ಟು ಘರ್ಷಣೆ ಬೇಕು. 54 ಕಿಲೋಮೀಟರ್ ವೇಗದಲ್ಲಾದರೆ ಭಾರಕ್ಕಿಂತ ಹೆಚ್ಚು ಬೇಕು. ನಮ್ಮ ಸಾಮಾನ್ಯ ರಸ್ತೆಗಳಲ್ಲಿ ಅಷ್ಟು ದೊರೆಯುವುದಿಲ್ಲ. ಆದುದರಿಂದ ತಿರುವಿಗೆ ಮುಂಚೆ, ಗಾಡಿ ನೆಟ್ಟಗಿರುವಾಗಲೇ ವೇಗವನ್ನು ತಗ್ಗಿಸಿಕೊಳ್ಳಬೇಕು. ಮುಂಗಾರಿನ ಮೊದಲ ಮಳೆಯಲ್ಲಿ ರಸ್ತೆಯ ಎಣ್ಣೆಯೂ ಧೂಳೂ ನೀರಿನೊಡನೆ ಬೆರೆತು ಜಾರಿಕೆಯಾಗುತ್ತದೆ. ಸುಗ್ಗಿಯಲ್ಲಿ ಒಕ್ಕಣೆಗೆಂದು ರಸ್ತೆಯ ಮೇಲೆ ಹರಡಿದ ರಾಗಿ, ಹುರುಳಿಗಳ ಹುಲ್ಲು ಟೈರನ್ನು ರಸ್ತೆಗೆ ಮುಟ್ಟಗೊಡುವುದಿಲ್ಲ. ಇಂಥಲ್ಲಿ ಮೊದಲೇ ನಿಧಾನಿಸಿ, ಬ್ರೇಕು ಹಿಡಿಯದೆ, ನೇರವಾಗಿ ದಾಟಬೇಕು.

ಇನ್ನು ಅಭ್ಯಾಸದ ಮಾತು. ಕಲಿಕೆಯ ಲೈಸೆನ್ಸು ಪಡೆದ ಮೇಲೆ, ಅನುಭವಿಗಳೊಬ್ಬರನ್ನು ಜೊತೆಮಾಡಿಕೊಂಡು, ಜನಸಂಚಾರವಿಲ್ಲದ ಸಮತಟ್ಟಾದ ಬಯಲನ್ನು ಹುಡುಕಿಕೊಳ್ಳಬೇಕು. ನೆಲದ ಮೇಲೆ ಸುಣ್ಣದಿಂದ ಗೆರೆಯೆಳೆದು, 20 ಕಿಲೋಮೀಟರ್ ವೇಗದಲ್ಲಿ ಬಂದು, ಗೆರೆಯನ್ನು ಮುಟ್ಟಿದೊಡನೆ ಎರಡೂ ಬ್ರೇಕುಗಳನ್ನು ಹಿಡಿದು, ಗಾಡಿ ನಿಂತ ದೂರವನ್ನು ಹೆಜ್ಜೆಯಿಂದ ಅಳೆಯಬೇಕು. ಆ ದೂರ ಪ್ರತಿಸಲವೂ ಒಂದೇ ಆಗುವವರೆಗೆ 30 ಕಿಲೋಮೀಟರಿಗೆ ಏರಬಾರದು. ನಿಲ್ಲಿಸುವಾಗ ನೋಟವು ಮುಂದಿನ ಗಾಲಿಯ ಮೇಲಿರದೆ ದೂರದಲ್ಲಿರಬೇಕು. ಹ್ಯಾಂಡಲು ನೆಟ್ಟಗಿರಬೇಕು. ಇನ್ನೊಬ್ಬರ ಹಳೆಯ ಗಾಡಿಯನ್ನು ಹತ್ತುವ ಮುನ್ನ ಬ್ರೇಕು ಯಾವ ಕಾಲಿಗೆಂದು ನೋಡಿಕೊಳ್ಳಬೇಕು. ಹಳೆಯ ಬುಲೆಟ್ಟುಗಳಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇದ್ದಿತು.

ಇಷ್ಟಾದರೂ ಬೀಳುವ ಸಂಭವ ಇದ್ದೇ ಇದೆ. ಆಗ ನಿಲ್ಲಿಸಬೇಕಾದದ್ದು ತಲೆಯನ್ನು. 1935ರಲ್ಲಿ 'ಅರೇಬಿಯದ ಲಾರೆನ್ಸ್' ಎಂದು ಹೆಸರಾದ ಟಿ. ಇ. ಲಾರೆನ್ಸ್ ಮೋಟಾರ್ ಸೈಕಲ್ಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ಆರನೆಯ ದಿನ ತೀರಿಕೊಂಡನು. ಅವನನ್ನು ಪರೀಕ್ಷಿಸಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಮುಂದೆ ಸವಾರರ ತಲೆಗಾಯಗಳನ್ನು ಅಭ್ಯಸಿಸಿ, ಹೆಲ್ಮೆಟ್ಟಿನ ಪ್ರಯೋಜನವನ್ನು 1941ರಲ್ಲಿ ಪ್ರಕಟಿಸಿದರು. ಹೆಲ್ಮೆಟ್ಟಿನ ಒಳಪದರವು ಪೆಟ್ಟು ಬಿದ್ದಾಗ ಅದುಮಿಕೊಂಡು, ತಲೆ ನಿಲ್ಲಲು ಎರಡು ಮೂರು ಸೆಂಟಿಮೀಟರಿನ ಅವಕಾಶವನ್ನು ಕೊಡುತ್ತದೆ. ಆ ಅಲ್ಪ ದೂರವೇ ಮೆದುಳಿನ ಮೇಲಿನ ಆಘಾತವನ್ನು ಬಹಳಷ್ಟು ತಗ್ಗಿಸುತ್ತದೆ. ಪಟ್ಟಿ ಬಿಗಿಯದ ಹೆಲ್ಮೆಟ್ ಪೆಟ್ಟು ಬೀಳುವ ಮೊದಲೇ ಕಳಚಿಹೋಗುತ್ತದೆ. ಐಎಸ್ಐ ಗುರುತುಳ್ಳದ್ದನ್ನು ಕೊಂಡು, ಹಿಂದೆ ಕುಳಿತವರೂ ಸೇರಿ ಇಬ್ಬರೂ ಪಟ್ಟಿ ಬಿಗಿದುಕೊಂಡ ಮೇಲೆಯೇ ಎಂಜಿನ್ನನ್ನು ಚಾಲೂ ಮಾಡತಕ್ಕದ್ದು.